ಬಂಡೆಗೋರಿಯ ಕನ್ನಡಿ

ನನ್ನ ಗಂಡ ಶಾಜ್ಲಿ ಇಪ್ಪತ್ತೆರಡು ವರ್ಷ ಈಜಿಪ್ಟಿನ ಅಸ್ವಾನಿನಲ್ಲಿ ನದಿಯ ಆಚೆ ದಡದ, ಬಂಡೆ ಕೊರೆದು ಮಾಡಿದ ಪುರಾತನ ಗೋರಿಯನ್ನು ಕಾದವರು. ಗೋರಿಯೊಳಗೆ ಕರೆಂಟಿಲ್ಲ. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗಿನ ಚಿತ್ರಗಳ ಮೇಲೆ ಬೀಳಿಸುವುದೂ ಕಾವಲುಗಾರನದೇ ಕೆಲಸ. ಆ ಕನ್ನಡಿ ನನ್ನ ತವರಿನದು. ಮುಖ ನೋಡಿಕೊಳ್ಳಲು ನಾನು ಪಕ್ಕದ ಮನೆಗೆ ಹೋಗಬೇಕಿತ್ತು!

ಗೋಡೆಯ ಮೇಲೆ ಚಿನ್ನದ ಬಳೆ, ಖರ್ಜೂರದ ಬುಟ್ಟಿ ಹಿಡಿದ ಕಪ್ಪು ಜನರ ಸಾಲಿದೆ. ಎದುರಿಗೆ ಪೀಠದ ಮೇಲೆ ಒಬ್ಬ ನಾಯಕ. "ಸೋತ ನೂಬಿಯದ ಗುಲಾಮರು, ಈಜಿಪ್ಟಿನ ಅಧಿಕಾರಿಗೆ ಕಪ್ಪ ತಂದಿದಾರೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ, ಉತ್ತರದಿಂದ ಬಂದ ಮೇಲಧಿಕಾರಿ, ಸಾಹೇಬ ಹಾತೆಮ್. ನಾಲಿಗೆಗೆ ಎಲುಬಿಲ್ಲ ನೋಡಿ.

ಒಂದು ದಿನ ಶಾಜ್ಲಿಗೆ ತಡೆಯಲಾಗಲಿಲ್ಲ. "ಸಾಹೇಬ್ರೇ, ಕೂತಿರೋನೂ ನಮ್ಮ ಹಾಗೆ ನೂಬಿಯದೋನೇ. ಈ ಗೋರಿ ಅಗೆದ ಪಂಡಿತರೇ ಗೋಡೆ ಬರಹ ಓದಿ ಹೇಳಿದ್ರು. ಈಜಿಪ್ಟಿನ ಹೆಸರಿಟ್ಕೊಂಡ, ಅವರ ಬಟ್ಟೆ ಉಟ್ಟ, ಅವರ ದೊರೆ ಪರವಾಗಿ ಈ ಸೀಮೆ ಆಳ್ದ. ನಮ್ಮ ಓಲೆ ಮಾತ್ರ ಕಿವಿಯಿಂದ ತೆಗೀಲಿಲ್ಲ. ನಿಂತಿರೋರು ಅವನ ನೆಂಟರು."

"ಕಾವಲುಗಾರ ನನಗೆ ಪಾಠ ಹೇಳ್ತಾನಾ? ಇನ್ನೊಂದ್ಸಲ ಬಾಯಿ ಬಿಟ್ರೆ ಬೀಗದ ಕೈ ಇಟ್ಟು ಮನೆಗೆ ಹೋಗು!"

ಮನೆಯಲ್ಲಿ ನಾನೂ ರೇಗಿದೆ. "ಊರ ಉಸಾಬರಿ ನಿಮಗ್ಯಾಕ್ರೀ? ಕೆಲಸ ಹೋದ್ರೆ ಏನು ತಿನ್ನೋದು, ಮರಳಾ?" ಅವರು ಇನ್ನೊಂದು ರೊಟ್ಟಿ ಮುರಿದರು.

ಮರುವಾರ ಶಾಲಾ ಮೇಷ್ಟರ ತಂಡ ಬಂತು. ಬುತ್ತಿ ತಂದಿದ್ದ ನಾನು ಬಾಗಿಲಲ್ಲೇ ನಿಂತೆ. ಹಾತೆಮ್ "ಗುಲಾಮರು" ಎಂದೊಡನೆ ಬೆಳಕು ಸಾಲಿನವರ ಕೈಗಳ ಮೇಲೆ ನಿಂತಿತು. ಒಂದಕ್ಕೂ ಹಗ್ಗವಿಲ್ಲ. ಆಮೇಲೆ ನಾಯಕನ ಕಿವಿಯೋಲೆಗೆ ಹೋಯಿತು, ಅಲ್ಲಿಂದ ಎದುರು ನಿಂತವನ ಅಂಥದೇ ಓಲೆಗೆ. ಶಾಜ್ಲಿ ತುಟಿ ಬಿಚ್ಚಿರಲಿಲ್ಲ.

"ಇವರಿಬ್ಬರೂ ಒಂದೇ ಮನೆಯವರ ಥರ ಇದಾರಲ್ಲ?" ಎಂದಳು ಒಬ್ಬ ವಯಸ್ಸಾದ ಮೇಷ್ಟ್ರಮ್ಮ.

ಹಾತೆಮ್ ಕೆಂಡವಾದ. "ಕನ್ನಡಿ ತಿರುಗಿಸೋ!"

"ತಿರುಗ್ಸಲ್ಲ."

"ಹಾಗಾದ್ರೆ ಬೀಗದ ಕೈ ಇಡು!"

ಶಾಜ್ಲಿ ನನ್ನ ಮುಖ ನೋಡಿದರು. ಅಂದು ರೇಗಿದ್ದ ನಾನೇ ಸೊಂಟಕ್ಕೆ ಕೈಯಿಟ್ಟು ಹೇಳಿದೆ: "ಬಿಸಾಕ್ರೀ ಅತ್ಲಾಗೆ! ಬೀಗದ ಕೈ ಸರ್ಕಾರದ್ದು. ಕನ್ನಡಿ ನಂದು, ಇಲ್ಲಿ ಕೊಡಿ."

ಕನ್ನಡಿಯನ್ನು ಕಂಕುಳಲ್ಲಿಟ್ಟುಕೊಂಡು ನಾನು, ಬುತ್ತಿ ಹಿಡಿದು ಅವರು, ಮೆಟ್ಟಿಲಿಳಿದೆವು. ಹಿಂದೆ ಗೋರಿಯ ಕತ್ತಲೊಳಗೆ ಹಾತೆಮ್ ಇನ್ನೂ "ಗುಲಾಮರು, ಗುಲಾಮರು" ಎನ್ನುತ್ತಲೇ ಇದ್ದ. ತೋರಿಸಲು ಅವನಿಗೆ ಗೋಡೆಯೇ ಕಾಣುತ್ತಿರಲಿಲ್ಲ.