ರಾಂಪಣಿಯ ರಾಮಾ ಮತ್ತು ಪಿಸ್ತೂಲಿನ ಒದೆ

ದೇವಬಾಗದ ರಾಮಾ ಪೊಲೀಸ್ ಆಗುವ ಮೊದಲು ರಾಂಪಣಿ ಬಲೆ ಎಳೆಯುತ್ತಿದ್ದ. ಆ ದೊಡ್ಡ ಬಲೆಯನ್ನು ಊರವರೆಲ್ಲ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯಬೇಕು. ರಾಮಾ ಹಿಮ್ಮಡಿಯನ್ನು ಮರಳಿಗೆ ಹುಗಿದು "ಹೈಸ್ಸೋ" ಎಂದು ಜಗ್ಗಿದರೆ ಮೀನಿನ ಜೊತೆ ಕೂರ್ಮಗಡ ದ್ವೀಪವೂ ನಾಲ್ಕು ಮಾರು ಈಚೆ ಬರುತ್ತಿತ್ತು. ನಂಬದವರು ದ್ವೀಪವನ್ನೇ ಕೇಳಬಹುದು.

ಪೊಲೀಸ್ ಆದಮೇಲೆ ಅವನಿಗೆ ಸಿಕ್ಕಿದ್ದು ಘಟ್ಟದ ಮೇಲಿನ ಚೆಕ್‌ಪೋಸ್ಟ್. ಹೆಂಡತಿ ರಂಜನಾ ಕಾರವಾರದ ಹಬ್ಬುವಾಡದ ತವರಿನಲ್ಲಿ ತುಂಬು ಬಸುರಿ. ಅಷ್ಟರಲ್ಲಿ ಕಾರವಾರದ ಸಾಹೇಬರೊಬ್ಬರಿಗೆ ಗನ್‌ಮ್ಯಾನ್ ಬೇಕಾಯಿತು. ಪಿಸ್ತೂಲಿನ ಪರೀಕ್ಷೆ ಪಾಸಾದರೆ ಹೆರಿಗೆಯ ಹೊತ್ತಿಗೆ ಊರಲ್ಲಿರಬಹುದು. ಇಲ್ಲದಿದ್ದರೆ ಮತ್ತೆ ಘಟ್ಟ.

ಅಂಕೋಲೆಯ ಹತ್ತಿರ ಗುಡ್ಡದ ಬುಡದಲ್ಲಿ ಅಭ್ಯಾಸ ಶುರುವಾಯಿತು. ಪಕ್ಕದಲ್ಲೇ ಜಟ್ಟುವಿನ ಚಹಾದಂಗಡಿ. ಯಾವ ಅಳತೆಯ ಗುಂಡು ಹಾರಿದರೆ ಪಿಸ್ತೂಲು ಕೈಗೆ ಎಷ್ಟು ಒದೆಯುತ್ತದೆ ಎಂಬುದರಲ್ಲಿ ರಾಮಾ ಅಲ್ಲಿ ಬೇಗನೆ ಪಂಡಿತನಾದ.

"ಪಾಯಿಂಟ್ ಟೂಟೂ ಅಂದ್ರೆ ಕೈಲಿ ಬಂಗಡೆ ಮೀನು ಬಾಲ ಅಲ್ಲಾಡ್ಸಿದಾಂಗೆ. ಥರ್ಟಿಟೂ ಅಂದ್ರೆ ಹೆಂಡ್ತಿ ಮೊಣಕೈಲಿ ತಿವಿದಾಂಗೆ. ನೈನ್ ಎಂಎಂ ಅಂದ್ರೆ ಹೋರಿ, ಜಟ್ಟು, ಹೋರಿ."

"ಫಾರ್ಟಿಫೈವ್?"

"ಅದನ್ನ ನಾ ಹೊಡೀಲಿಲ್ಲ. ಗೋವಾದಲ್ಲಿ ಒಬ್ಬ ಹೊಡೆದಿದ್ನಂತೆ. ಟೋಪಿ ಇನ್ನೂ ಹುಡುಕ್ತಾ ಇದ್ದಾನಂತೆ."

ಆದರೆ ಪಂಡಿತನ ಗುಂಡುಗಳೆಲ್ಲ ಗುರಿಯ ಕೆಳಗಿನ ಮಣ್ಣಿಗೇ ಹೋಗುತ್ತಿದ್ದವು. ಅಲ್ಲೊಂದು ಹೊಂಡವೇ ಬಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ನೀರು ಬಂದು ಊರಿಗೊಂದು ಬಾವಿಯಾಗುತ್ತಿತ್ತು.

"ಒದೆ ಜೋರು ಸರ್," ಎಂದ ರಾಮಾ, ಕಲಿಸುತ್ತಿದ್ದ ಹವಾಲ್ದಾರ್ ದೇವಿದಾಸರಿಗೆ.

"ಒದೆ ಗುಂಡಿಂದಷ್ಟೇ ಅಲ್ಲವೋ, ಪಿಸ್ತೂಲಿನ ತೂಕದ್ದೂ ಹೌದು. ಅದೇ ಗುಂಡು ಹಗೂರ ಪಿಸ್ತೂಲಲ್ಲಿ ಜೋರು ಒದೀತದೆ, ಭಾರದ್ದರಲ್ಲಿ ಕಡಿಮೆ. ನಿನ್ನ ಕೈಲಿರೋದು ಭಾರದ್ದು. ಮತ್ತೆ, ಒದ್ರೆ ಮೂತಿ ಮೇಲೆ ಹೋಗಬೇಕು. ನಿಂದು ಎಂತಕ್ಕೆ ಕೆಳಗೆ ಹೋಗ್ತದೆ?"

ಹವಾಲ್ದಾರರು ಹಳೆಯ ರಿವಾಲ್ವರ್ ತಂದು, ಗುಂಡುಗಳ ನಡುವೆ ಒಂದು ಖಾಲಿ ತೋಟೆಯನ್ನು ಗುಟ್ಟಾಗಿ ಸೇರಿಸಿ ರಾಮಾನ ಕೈಗೆ ಕೊಟ್ಟರು. ಎರಡು ಗುಂಡು ಹಾರಿದವು. ಮೂರನೆಯದಕ್ಕೆ ಬರೀ 'ಟಕ್' ಎಂದಿತು. ಸದ್ದಿಲ್ಲ, ಒದೆಯಿಲ್ಲ. ಆದರೂ ರಾಮಾನ ಹಿಮ್ಮಡಿ ಮಣ್ಣಲ್ಲಿ ಹೂತಿತು, ಮೈಯೆಲ್ಲ ಜಗ್ಗಿತು, ರಿವಾಲ್ವರಿನ ಮೂತಿ ನೆಲ ನೋಡಿತು, ಬಾಯಿಂದ "ಹೈಸ್ಸೋ" ಹೊರಬಿತ್ತು.

"ಗುಂಡೇ ಹಾರ್ಲಿಲ್ಲ. ನಿನ್ನ ಒದ್ದವರು ಯಾರು ಮಾರಾಯಾ?" ಎಂದರು ಹವಾಲ್ದಾರರು. ಜೊತೆಯವರ ನಗೆಗೆ ಗುಡ್ಡದ ಮಂಗಗಳು ಯಲ್ಲಾಪುರದವರೆಗೆ ಓಡಿದವು.

ಸಂಜೆ ಫೋನಿನಲ್ಲಿ ಸಂಗತಿ ಕೇಳಿ ರಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಲೆ ದಡಕ್ಕೆ ಬಂದ್ಮೇಲೂ ನೀವು ಹಾಂಗೇ ಜಗ್ತೀರಾ?"

"ಥೂ, ಆಗ ಜಗ್ಗಿದ್ರೆ ಬಲೆ ಹರೀತದೆ. ಮೆಲ್ಲಕ್ಕೆ ತರಬೇಕು."

"ಹಾಂಗಾರೆ ಬಲೆ ದಡಕ್ಕೆ ಬಂದದೆ ಅಂತ ತಿಳ್ಕೊಂಡು ಒತ್ತಿ."

ಪರೀಕ್ಷೆಯ ದಿನ ರಾಮಾ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಬೆರಳನ್ನು ಮಾತ್ರ ಮೆಲ್ಲಗೆ ಎಳೆದ. ನೈನ್ ಎಂಎಂ ಹೋರಿ ಒದೆಯಿತು, ಒದೆಯಲಿ ಎಂದು ಬಿಟ್ಟ. ಮೇಲೆ ಹೋದ ಮೂತಿ ತಾನಾಗಿ ಕೆಳಗಿಳಿದು ಗುರಿಗೆ ಮರಳಿತು. ಹಳೆಯ ಬಾವಿಗೆ ಹೋದದ್ದು ಒಂದೇ ಗುಂಡು, ಅದೂ ಬಹುಶಃ ಅಭ್ಯಾಸಬಲದಿಂದ. ರಾಮಾ ಪಾಸಾಗಿ ಕಾರವಾರಕ್ಕೆ ಬಂದ. ಹೆರಿಗೆಗೆ ಆಸ್ಪತ್ರೆಯ ಬಾಗಿಲಲ್ಲೇ ಇದ್ದ.

ಆಮೇಲೆ ಪೇಡೆ ಹಂಚಲು ಅಂಕೋಲೆಗೆ ಹೋದಾಗ ಅವನ ಗದ್ದ ಹಲಸಿನಕಾಯಿಯಷ್ಟು ಊದಿತ್ತು.

"ಎಂತದು, ಫಾರ್ಟಿಫೈವ್ ಹೊಡೆದ್ಯಾ?" ಎಂದ ಜಟ್ಟು.

"ಮಗಳು. ಎತ್ಕೊಂಡ್ರೆ ಒದ್ಲು. ಮೂರು ಕಿಲೋನೂ ಇಲ್ಲ," ಎಂದು ರಾಮಾ ಗದ್ದ ಸವರಿಕೊಂಡ. "ಹಗೂರ ಇದ್ದಷ್ಟೂ ಒದೆ ಜೋರು ಅಂತ ಹವಾಲ್ದಾರರು ಮೊದಲೇ ಹೇಳಿದ್ರು."