ಚಿಕ್ಕಮ್ಮನಿಗೆ ಕಲಿಸದ ಬೀಜಗಣಿತ

ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವರು ಅಕ್ಕನ ಮಕ್ಕಳು. ಆ ಮನೆ ಬಿಟ್ಟು ಬಂದರೂ ಹೆಸರು ಮಾತ್ರ ಬೆನ್ನಿಗೇ ಬಂದುಬಿಟ್ಟಿತು. ಅವಳದು ಆಯಾ ಕೆಲಸ. ರಕ್ತದ ಬಟ್ಟೆ ಒಗೆಯಬೇಕು, ಕತ್ತರಿ ಚಿಮಟ ಕುದಿಸಿಡಬೇಕು, ನೋವು ತಿನ್ನುವ ಹೆಂಗಸರ ಸೊಂಟ ನೀವಬೇಕು. ನರ್ಸುಗಳು ಎದುರಾದರೆ ಅವಳ ಕಣ್ಣು ಮುಖಕ್ಕಿಂತ ಮೊದಲು ಅವರ ಬಿಳಿ ಟೋಪಿಯ ಮೇಲೆ ಹೋಗುತ್ತಿತ್ತು. ಪರರ ಒಡವೆಯನ್ನು ನೋಡುವ ಆಸೆಯಲ್ಲ ಅದು. ತನ್ನದೇ ಕಳೆದುಹೋದ ಒಡವೆ ಇನ್ನೊಬ್ಬರ ಕೊರಳಲ್ಲಿ ಕಂಡರೆ ಹೇಗೋ ಹಾಗೆ.

ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಅಕ್ಕನ ಮನೆಗೆ ತಂದು ಬಿಟ್ಟಿದ್ದ. ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಭಾವ ಹೈಸ್ಕೂಲಿನ ಗಣಿತದ ಮೇಷ್ಟ್ರು. ಸಾಲುಮನೆಯ ಮುಂದಿನ ಕೋಣೆಯಲ್ಲಿ ಸಂಜೆಯಾಯಿತೆಂದರೆ ಭಾವನ ಟ್ಯೂಷನ್ನು. ಹೊರಗೆ ಮಕ್ಕಳು ಎ ಪ್ಲಸ್ ಬಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಒಳಗೆ ಅವಳ ಸೊಂಟದಲ್ಲೊಂದು ಕೂಸು, ಸೆರಗು ಹಿಡಿದದ್ದೊಂದು, ಒಲೆಯ ಮೇಲೆ ಉಕ್ಕುವ ಹಾಲು.

ನರ್ಸ್ ಆಗಬೇಕೆಂಬ ಆಸೆ ಅವಳಿಗೆ ತಾಯಿಯ ಕಾಯಿಲೆಯ ಕಾಲದಲ್ಲೇ ಹುಟ್ಟಿದ್ದು. ನರ್ಸಿಂಗ್ ಶಾಲೆಗೆ ಸೇರಲು ಹತ್ತನೇ ತರಗತಿ ಪಾಸಾಗಿರಬೇಕು. ಅವಳ ಓದು ನಡುವೆಯೇ ನಿಂತಿತ್ತು. ಮನೆಯಿಂದಲೇ ಪರೀಕ್ಷೆ ಕಟ್ಟುತ್ತೇನೆಂದು ಅಂಜುತ್ತಲೇ ಕೇಳಿದಳು. ಭಾವ ನಕ್ಕು, "ಅದಕ್ಯಾಕೆ ಇಷ್ಟು ನಡುಗ್ತೀಯ ಪುಟ್ಟಿ? ಮೇಷ್ಟ್ರ ಮನೇಲಿದ್ದು ಫೇಲಾದ್ರೆ ನನ್ನ ಮೂಗು ಉಳಿಯುತ್ತಾ? ನಾನೇ ಕಲಿಸ್ತೀನಿ" ಎಂದ. ಅವಳಿಗೆ ದೇವರೇ ಕಣ್ಣು ಬಿಟ್ಟಂತಾಯಿತು.

ಕಲಿಸಿದ್ದೂ ನಿಜ. ಮಕ್ಕಳು ಮಲಗಿದ ಮಧ್ಯಾಹ್ನ, ರಜೆಯ ದಿನ, ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಅವಳು ಬಟ್ಟಲು ಬೋರಲು ಹಾಕಿ ವೃತ್ತ ಬರೆದಳು. ಬಡ್ಡಿ ಲೆಕ್ಕ, ಕೋನ, ತ್ರಿಕೋನ ಎಲ್ಲ ಬಾಯಿಗೆ ಬಂತು. ಪುಸ್ತಕದ ಹಿಂದಿನ ಅರ್ಧಕ್ಕೆ ಬಂದಾಗ ಮಾತ್ರ ಭಾವ ಹಾಳೆ ಮಗುಚಿಬಿಡುತ್ತಿದ್ದ.

"ಇದು ಬೀಜಗಣಿತ. ನಿನಗೆ ಬೇಡ."

"ಹೊರಗೆ ಎಲ್ಲರಿಗೂ ಹೇಳಿಕೊಡ್ತೀರಲ್ಲ ಭಾವ?"

"ಅವರು ಶಾಲೆಯವರು. ಮನೆಯಿಂದ ಕಟ್ಟೋರಿಗೆ ಎರಡು ಭಾಗದಲ್ಲಿ ಒಂದು ಬರೆದ್ರೆ ಸಾಕು. ಅಲ್ಲಾ, ಗಂಡುಹುಡುಗ್ರೇ ಅದರ ಮುಂದೆ ಕೂತು ಅಳ್ತಾರೆ, ನೀನ್ಯಾಕೆ ಇರೋ ತಲೇನ ಕಲ್ಲಿಗೆ ಚಚ್ಚಿಕೊಳ್ತೀಯ?"

ಪರೀಕ್ಷೆಯ ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ, ಎರಡೂ ಭಾಗಗಳಿಗೆ ಉತ್ತರಿಸತಕ್ಕದ್ದು ಎಂದು ಅಚ್ಚಾಗಿತ್ತು. ಅವಳು ಓದಿದಳು. ಇದು ಶಾಲೆಯವರಿಗೆ ಹೇಳಿದ್ದು ಅಂದುಕೊಂಡಳು. ಅಚ್ಚಿನ ಮಾತು ದೊಡ್ಡದೋ ಭಾವನ ಮಾತು ದೊಡ್ಡದೋ ಎಂದು ಯಾರಾದರೂ ಕೇಳಿದ್ದರೆ ಆ ದಿನ ಅವಳು ಕಣ್ಣು ಮುಚ್ಚಿ ಭಾವನದೇ ಅನ್ನುತ್ತಿದ್ದಳು. ಮೊದಲ ಭಾಗವನ್ನು ಮುತ್ತು ಪೋಣಿಸಿದಂತೆ ಬರೆದು, ಎರಡನೆಯದನ್ನು ಮುಟ್ಟದೆ, ಗಂಟೆ ಹೊಡೆಯುವ ಮುಂಚೆಯೇ ಎದ್ದು ಬಂದಳು. ಮನೆಯಲ್ಲಿ ಭಾವ ಪತ್ರಿಕೆಯಲ್ಲಿ ಅವಳು ಗುರುತುಹಾಕಿಕೊಂಡು ಬಂದ ಉತ್ತರ ನೋಡಿ, "ಭೇಷ್, ಒಂದೂ ತಪ್ಪಿಲ್ಲ" ಎಂದ. ಅಕ್ಕ ಎದ್ದು ಹಿತ್ತಲಿಗೆ ಹೋದಳು.

ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ನಪಾಸು. "ಈ ವರ್ಷ ನಿಯಮ ಬದಲಾಯಿಸಿಬಿಟ್ಟಿದ್ದಾರೆ ಕಣೆ, ಹೊಟ್ಟೆಗೆ ಏನು ತಿಂತಾರೋ" ಎಂದು ಭಾವ ಇಲಾಖೆಯವರನ್ನು ಬೈದ. ಅವನನ್ನು ಸಮಾಧಾನ ಮಾಡಿದವಳೂ ಅವಳೇ.

ಆ ವಾರವೇ ಬೀದಿಯ ತಿರುವಿನ ದರ್ಜಿ ಹೆಂಗಸು ಮಗಳು ಪಾಸಾದಳೆಂದು ಸಿಹಿ ಹಂಚುತ್ತಿದ್ದಳು. ಆ ಮಗಳೂ ಶಾಲೆ ಬಿಟ್ಟು ಮನೆಯಿಂದ ಕಟ್ಟಿದವಳೇ, ಭಾವನ ಟ್ಯೂಷನ್ನಿಗೆ ಬರುತ್ತಿದ್ದವಳು.

"ನಿಮ್ಮ ಮೇಷ್ಟ್ರ ಪುಣ್ಯ ಕಣಮ್ಮ. ಬೀಜಗಣಿತ ಅಂದ್ರೆ ಸಾಕು, ಇವಳು ದನದ ಹಾಗೆ ಕಣ್ಣು ಬಿಡೋಳು. ಬಿಟ್ಟೇಬಿಡ್ತೀನಿ ಅಂತ ಹಟ ಹಿಡಿದಿದ್ಲು. ಮೇಷ್ಟ್ರು ಬಿಡಬೇಕಲ್ಲ! 'ಒಂದು ಭಾಗ ಬಿಟ್ರೆ ಇನ್ನೊಂದರಲ್ಲಿ ಪೂರ್ತಿ ಬಂದ್ರೂ ಫೇಲೇ, ಯಾವತ್ತಿಂದಲೂ ಇರೋ ನಿಯಮ' ಅಂತ ಗದರಿಸಿ ಗದರಿಸಿ ಕಲಿಸಿದ್ರು."

ಬಾಯಲ್ಲಿದ್ದ ಸಿಹಿ ಮಣ್ಣಾಯಿತು. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಹಾಗೆ ಆಯಿತು ಅವಳ ಪಾಡು.

ಮನೆಗೆ ಬಂದರೆ ಅಕ್ಕ ಒಬ್ಬಳೇ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಅಕ್ಕಾ, ಭಾವ ನನಗೆ ಸುಳ್ಳು ಹೇಳಿದ್ರಾ?"

ಅಕ್ಕ ತಲೆ ಎತ್ತಲಿಲ್ಲ. "ಅವರನ್ನ ಅನ್ನಬೇಡ. ಕಲಿಸಬೇಡಿ ಅಂದೋಳು ನಾನು."

"ನೀನಾ?"

"ನೀನು ಪಾಸಾಗಿ ಹೋದ್ರೆ ಈ ಮಕ್ಕಳನ್ನ ಯಾರು ನೋಡ್ಬೇಕಿತ್ತು? ನಾನು ಕೆಲಸ ಬಿಡ್ಬೇಕಿತ್ತು. ಬೇಡ ಅಂದ್ರೆ ನೀನು ಅತ್ತು ಕರೆದು ರಂಪ ಮಾಡ್ತಿದ್ದೆ. ನೀನಾಗೇ ಫೇಲಾದ್ರೆ ಯಾರಿಗೂ ನೋವಿಲ್ಲ ಅಂದ್ಕೊಂಡೆ."

"ಬೇಡ ಅಂದಿದ್ರೆ ನಾನು ಅಳ್ತಿದ್ದೆ ಅಷ್ಟೇ, ಅಕ್ಕ. ಅತ್ತು ಸುಮ್ಮನಾಗ್ತಿದ್ದೆ."

ಅವಳು ಒಂದು ಟ್ರಂಕು ಹಿಡಿದು ಹೊರಟಾಗ ಅಕ್ಕನ ಕೊನೆಯ ಮಗಳು ಕಾಲಿಗೆ ತೆಕ್ಕೆಬಿದ್ದಳು. ಆ ಕೈಗಳನ್ನು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ಮತ್ತೆ ಪರೀಕ್ಷೆ ಕಟ್ಟೋಣವೆಂದು ಪುಸ್ತಕ ಕೊಂಡಳು. ಆದರೆ ಹಿಂದಿನ ಅರ್ಧ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ, ಹಾಳೆ ಮಗುಚುವ ಭಾವನ ಬೆರಳು ಕಾಣುತ್ತಿತ್ತು. ಹಾಗೆ ಹೀಗೆ ಅನ್ನುವಷ್ಟರಲ್ಲಿ ನರ್ಸಿಂಗ್ ಶಾಲೆಯವರು ವಯಸ್ಸು ಮೀರಿತು ಎಂದರು.

ಅವಳ ಕೂದಲು ನೆರೆತ ಕಾಲಕ್ಕೆ ಊರೆಲ್ಲ ಒಂದೇ ಮಾತು. ಬೀಜಗಣಿತದಲ್ಲಿ ಮಕ್ಕಳು ರಾಶಿ ರಾಶಿ ಬೀಳುತ್ತಿದ್ದಾರೆ, ಅದನ್ನು ಕಡ್ಡಾಯದಿಂದ ತೆಗೆಯಬೇಕೋ ಬೇಡವೋ ಎಂದು. "ತೆಗೀಲಿ ಬಿಡಿ" ಎಂದಳು ಒಬ್ಬ ಎಳೆಯ ನರ್ಸು. "ಇಷ್ಟು ವರ್ಷದಲ್ಲಿ ಒಂದು ದಿನಾನೂ ಎಕ್ಸ್ ಬಂದು ನನ್ನ ಕೈಲಿ ಸೂಜಿ ಚುಚ್ಚಿಸಿಕೊಂಡಿಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮನೂ ನಕ್ಕಳು.

ಆಗಲೇ ಅಕ್ಕನ ಕೊನೆಯ ಮಗಳು ಚೊಚ್ಚಲ ಹೆರಿಗೆಗೆ ಅದೇ ಆಸ್ಪತ್ರೆಗೆ ಬಂದದ್ದು. "ಚಿಕ್ಕಮ್ಮ ಇಲ್ಲದ ಕಡೆ ನಾನು ಹೆರಲ್ಲ" ಎಂದು ಹಟ ಮಾಡಿ ಬಂದಿದ್ದಳಂತೆ. ರಾತ್ರಿಯೆಲ್ಲ ಅವಳ ಸೊಂಟ ನೀವಿ, ಹುಟ್ಟಿದ ಕೂಸನ್ನು ಒರೆಸಿ ಪಕ್ಕದಲ್ಲಿ ಮಲಗಿಸಿ, ಚಿಕ್ಕಮ್ಮ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಅಕ್ಕನೂ ಭಾವನೂ ಬಂದು ಕೂತರು. ಪಕ್ಕದ ಮಂಚದ ಬಾಣಂತಿಯನ್ನು ನೋಡಲು ಬಂದಿದ್ದ ಮುದುಕ ಅದೇ ಬೀಜಗಣಿತದ ಮಾತು ತೆಗೆದ. ನಿವೃತ್ತ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

"ತೆಗೀಲೇಬೇಕು ಸ್ವಾಮಿ. ಆ ಹಾಳು ಬೀಜಗಣಿತದಿಂದ ಎಷ್ಟು ಹೆಣ್ಣುಮಕ್ಕಳ ಬಾಳು ಕೆಟ್ಟಿತು! ಬೇರೆ ಯಾಕೆ, ನೋಡಿ, ನಮ್ಮ ನಾದಿನಿ ಇಲ್ಲೇ ಇದ್ದಾಳೆ. ಬುದ್ಧಿವಂತೆ. ನರ್ಸ್ ಆಗಬೇಕಿತ್ತು ಪಾಪ. ನಾನೇ ತಲೆಬಡಿದುಕೊಂಡು ಕಲಿಸಿದೆ. ಅದೊಂದು ಅವಳ ತಲೆಗೆ ಹತ್ತಲೇ ಇಲ್ಲ."

ಅವಳ ಕೈಯಲ್ಲಿದ್ದ ದಿಂಬು ಅಲ್ಲೇ ನಿಂತಿತು. ಅಂದು ಕಳೆದದ್ದು ಓದು ಮಾತ್ರ. ಈಗ ತಲೆಯನ್ನೂ ಕಿತ್ತುಕೊಂಡ.

"ಭಾವ" ಎಂದಳು, ದನಿ ಏರಿಸದೆ. "ಬೀಜಗಣಿತಕ್ಕೂ ನನಗೂ ಜಗಳ ಇಲ್ಲ. ನಾವಿಬ್ಬರೂ ಮುಖಾನೇ ನೋಡಿಲ್ವಲ್ಲ. ನೀವೇ ಬಾಗಿಲಲ್ಲಿ ನಿಂತಿದ್ರಿ."

ಭಾವ ಕನ್ನಡಕ ತೆಗೆದು ಒರೆಸತೊಡಗಿದ. ಅಕ್ಕ, "ಮಗು ಎದ್ದೀತು ಕಣೆ, ಈಗ್ಯಾಕೆ ಆ ಮಾತು" ಎಂದು ಪಿಸುಗುಟ್ಟಿದಳು.

ಮಂಚದ ಮೇಲಿನ ಬಾಣಂತಿ ಮೊಣಕೈ ಊರಿ ಎದ್ದಳು. "ಏನು ಚಿಕ್ಕಮ್ಮ? ನೀನು ನಮ್ಮನ್ನ ಬಿಟ್ಟು ಹೋಗಿದ್ದು ಇದಕ್ಕಾ? ನಾನೇನೋ ತಂಟೆ ಮಾಡಿದೆ ಅಂತ ನೀನು ಹೋದೆ ಅಂದಿದ್ರು ಅಮ್ಮ."

ಇದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಅವಳು ಅಕ್ಕನನ್ನು ನೋಡಿದಳು. ಇಷ್ಟು ವರ್ಷ ಅಕ್ಕನ ಮರ್ಯಾದೆಗೆಂದು ನುಂಗಿಕೊಂಡದ್ದು ಎದೆಯಲ್ಲೇ ಇತ್ತು. ಈಗಲೂ ಒಂದು ಸುಳ್ಳು ಹೇಳಿದರೆ ಎಲ್ಲರೂ ಉಳಿಯುತ್ತಿದ್ದರು.

"ನಿನ್ನ ತಪ್ಪು ಒಂದು ಕಾಳಿನಷ್ಟೂ ಇಲ್ಲ ಮಗಳೇ" ಎಂದಳು. "ಮಿಕ್ಕದ್ದನ್ನ ನಿಮ್ಮಮ್ಮನ್ನೇ ಕೇಳು. ಅವಳೇ ಹೇಳ್ಲಿ."

ಕೊಳೆಬಟ್ಟೆಯ ಗಂಟನ್ನು ಸೊಂಟಕ್ಕೇರಿಸಿಕೊಂಡು ಅವಳು ಒಗೆಯುವ ಮನೆಯ ಕಡೆ ನಡೆದಳು. ಹಿಂದೆ ಮಗಳು, "ಹೇಳಮ್ಮಾ" ಎನ್ನುತ್ತಿದ್ದಳು. ಅಕ್ಕ ಕೂಸಿನ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.