ಮೊರದೊಳಗಿನ ಮುಖಗಳು

ಯುದ್ಧ ಮುಗಿದರೂ ರೇಷನ್ ಮುಗಿಯದ ಆ ಕಾಲದಲ್ಲಿ, ಸತ್ಯನಾರಾಯಣಪೇಟೆಯ ದೊಡ್ಡಬಸಮ್ಮನ ಕೈಗೆ ತರಕಾರಿ ಸಿಕ್ಕರೆ ಸಾಕು, ಮೊರದಲ್ಲಿ ಯಾರದಾದರೂ ಮುಖ ಎದ್ದು ಕೂರುತ್ತಿತ್ತು: ಬದನೆಕಾಯಿ ಮೂಗು, ಬೆಂಡೆಕಾಯಿ ಮೀಸೆ, ಮೆಂತ್ಯಸೊಪ್ಪಿನ ಗುಂಗುರು ಕೂದಲು. ಬೆಳಿಗ್ಗೆ ಅದನ್ನು ಕಟ್ಟೆಯ ಮೇಲಿಟ್ಟರೆ ನೋಡಲು ಓಣಿಯೇ ನೆರೆಯುತ್ತಿತ್ತು. ರೇಷನ್ ಅಂಗಡಿಯ ಜಡೆಪ್ಪ ಸೋರೆಕಾಯಿಯಾದ, ಕುರುಗೋಡಿನ ಬೀಗತಿ ಕುಂಬಳಕಾಯಿಯಾಗಿ, "ನನ್ನ ಗಲ್ಲ ಇಷ್ಟು ಚೆಂದ ಅದಾವೇನಬೇ?" ಎಂದು ಉಬ್ಬಿಹೋದಳು. ಸಂಜೆಗೆ ಎಲ್ಲರೂ ಈಳಿಗೆಮಣೆಗೆ ತಲೆಯೊಡ್ಡಿ ಸಾರಿನಲ್ಲಿ ಕುದಿಯುವವರೇ. "ಇವತ್ತು ತಹಶೀಲ್ದಾರ್ರು ಭಾಳ ಖಾರ ಅದಾರ," ಎಂದು ಬಾಯಿ ಚಪ್ಪರಿಸುವವನು ಗಂಡ ಪಕ್ಕೀರಪ್ಪ. ಬ್ರೂಸ್‌ಪೇಟೆಯಿಂದ ತರಕಾರಿ ಹೊತ್ತು ತರುವವನೂ ಅವನೇ. ಓಣಿಯ ನಾಯಿಗೂ ಮೊರದಲ್ಲಿ ಜಾಗ ಸಿಕ್ಕಿತ್ತು, ಅವನಿಗೆ ಮಾತ್ರ ಇಲ್ಲ. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ತನ್ನ ಮೂಗಿಗೊಪ್ಪುವ ಮೂಲಂಗಿಯನ್ನೇ ಆರಿಸಿ ತಂದು ಅವಳ ಕಣ್ಣೆದುರು ಇಟ್ಟ. ಅದೂ ಮೊರದೊಳಗಿನ ತಹಶೀಲ್ದಾರರಿಗೆ ಮೂಗಾಯಿತು. ಅಂದು ಉಣ್ಣುವಾಗ ಕೇಳಿಯೇಬಿಟ್ಟ: "ಓಣ್ಯಾಗ ಎಲ್ಲಾರ ಮಾರಿ ಮಾಡಿದಿ, ನಂದು ಅಷ್ಟು ಕೆಟ್ಟೈತೇನು?" ದೊಡ್ಡಬಸಮ್ಮ ತಲೆ ಎತ್ತದೆ, "ನಿಮ್ಮನ್ನ ಮಾಡಿದ್ರ ಸಂಜಿಗೆ ನಾನ ಹೆಚ್ಚಬೇಕಲ್ರಿ, ಅದಕ್ಕ ಕೈ ಬರಂಗಿಲ್ಲ," ಎಂದಳು. ಪಕ್ಕೀರಪ್ಪ ತಹಶೀಲ್ದಾರರ ಮೂಗನ್ನು ಇನ್ನೊಂದು ಸಲ ಬಡಿಸಿಕೊಂಡ.